ಅಲ್ಪವಿರಾಮದ ಪಾಠ

ಹೌನ್‌ಸ್ಲೊ, ನಾಲ್ಕನೇ ತರಗತಿ.
ಕಿಟಕಿಗೆ ಮೂರು ಪದರ ಗಾಜು.
ಮುಚ್ಚಿದರೆ ಬೇಯುತ್ತೇವೆ, ತೆರೆದರೆ ಕಿವುಡಾಗುತ್ತೇವೆ.
ಆಯ್ಕೆ ನಮಗೇ ಬಿಟ್ಟಿದ್ದಾರೆ, ದೊಡ್ಡ ಮನಸ್ಸು.

ತೊಂಬತ್ತು ಸೆಕೆಂಡಿಗೊಂದು.
ಚಕ್ರ ಇಳಿಬಿಟ್ಟು, ಬಿಳಿ ಹೊಟ್ಟೆ ತೋರಿಸುತ್ತ
ಹೆಂಚು ಸವರಿಕೊಂಡೇ ಹೋದ ಹಾಗೆ.
"ನದಿಗಳು ಹುಟ್ಟುವುದು" ಎಂದವಳು ನಿಲ್ಲುತ್ತೇನೆ,
ಬಾಯಿ ತೆರೆದೇ, ಕೈಯ ಪೆನ್ನು ಗಾಳಿಯಲ್ಲೇ.
ಇಪ್ಪತ್ತೆಂಟು ಮಕ್ಕಳಲ್ಲಿ ಒಬ್ಬರೂ ತಲೆ ಎತ್ತುವುದಿಲ್ಲ.
ಹೋಯಿತು.
"ಬೆಟ್ಟದಲ್ಲಿ."
ಅಷ್ಟರಲ್ಲಿ ನದಿ ಎಲ್ಲೋ ಹರಿದು ಮುಗಿದಿರುತ್ತದೆ.

ಒಂದು ಸಂಜೆ ಪ್ರಬಂಧ ತಿದ್ದುತ್ತಿದ್ದೆ.
ಇಫ್ರಾಹ್ ಬರೆದಿದ್ದಳು:
"ನನ್ನ, ಅಮ್ಮ ರಾತ್ರಿ, ಕೆಲಸಕ್ಕೆ ಹೋಗಿ ಬೆಳಗ್ಗೆ, ಬರುತ್ತಾಳೆ ಅವಳು, ಮಲಗು"
ಅಲ್ಲಿಗೆ ನಿಂತಿತ್ತು.
ಕೆಂಪು ಶಾಯಿಯಲ್ಲಿ ಮೂರಕ್ಕೆ ಸುತ್ತು ಹಾಕಿದೆ.
ನಾಲ್ಕನೆಯದಕ್ಕೆ ಹೋದ ಕೈ
ತಲೆಯ ಮೇಲೊಂದು ಹಾಯುವಾಗ
ತಾನಾಗಿ ನಿಂತುಬಿಟ್ಟಿತು.
ಇಲ್ಲಿ ವ್ಯಾಕರಣ ಕಲಿಸುವವರು ಯಾರೆಂದು
ಆಗ ತಿಳಿಯಿತು.
ಹಾಕಿದ ಸುತ್ತು ಅಳಿಸಲು ನೋಡಿದೆ, ಕಾಗದ ಹರಿಯಿತು.

ಅವಳಮ್ಮ ಸಗಲ್ ರಾತ್ರಿಯೆಲ್ಲ ವಿಮಾನದೊಳಗೆ
ಕಂಬಳಿ ಮಡಚುತ್ತಾಳೆ, ಸೀಟಿನ ಜೇಬಿಗೆ ಕೈ ಹಾಕಿ
ಯಾರೋ ಕಚ್ಚಿಟ್ಟ ಸೇಬು ತೆಗೆಯುತ್ತಾಳೆ.
ಹಗಲು ಅವಳು ಕಣ್ಣು ಮುಚ್ಚಿದರೆ
ಅವಳೇ ಒರೆಸಿ ಕಳಿಸಿದ್ದು
ಅವಳ ನಿದ್ದೆಯ ಮೇಲೆ ಹಾದುಹೋಗುತ್ತದೆ.
ದೂರಿನ ಅರ್ಜಿ ಕೊಟ್ಟೆ, ಸಹಿ ಹಾಕಿ ಎಂದೆ.
ಕೊನೆಯವರೆಗೂ ಓದಿ ಪೆನ್ನು ಹಿಂದಿರುಗಿಸಿದಳು:
"ಅದು ನಿಂತರೆ, ಮಿಸ್, ನಮ್ಮ ಬಾಡಿಗೆ?"
ಉಂಡ ಮನೆಯ ಜಂತೆ ಎಣಿಸಬಾರದು, ಸರಿ.
ಜಂತೆಯೇ ಅದುರುತ್ತಿದ್ದರೆ
ಏನು ಮಾಡಬೇಕೆಂದು ಗಾದೆ ಮಾಡಿದವರು ಹೇಳಲಿಲ್ಲ.

ಅಳೆಯುವವನು ಬಂದ, ಮುಕ್ಕಾಲಿಯ ಮೇಲೆ ಯಂತ್ರವಿಟ್ಟ.
ಬಿದ್ದ ಸದ್ದು, ಬೀಳದ ಹೊತ್ತು
ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸಿ
ಸರಾಸರಿ ತೆಗೆದ.
ಸರಾಸರಿಯಲ್ಲಿ ನಾವೆಲ್ಲ ಚೆನ್ನಾಗಿ ನಿದ್ದೆ ಮಾಡಿದ್ದೇವೆ.

ಮಧ್ಯಾಹ್ನ ಮೂರಕ್ಕೆ ಓಡುದಾರಿ ಬದಲು,
ಸದ್ದು ಆಚೆ ಬೀದಿಯವರ ಪಾಲು.
ನಮ್ಮ ಶಾಲೆ ಬಿಡುವುದು ಮೂರೂಕಾಲಿಗೆ.
ದಿನಕ್ಕೆ ಹದಿನೈದು ನಿಮಿಷ
ನಾನು ಪೂರ್ತಿ ಮೇಷ್ಟ್ರು.

ಆಮೇಲೆ ಆ ಏಪ್ರಿಲ್ಲಿನಲ್ಲಿ ಐಸ್‌ಲ್ಯಾಂಡಿನ ಬೆಟ್ಟವೊಂದು
ಬೂದಿ ಕಾರಿ ಆಕಾಶಕ್ಕೆ ಬೀಗ ಹಾಕಿತು.
"ನದಿಗಳು ಹುಟ್ಟುವುದು" ಎಂದು ನಿಂತೆ.
ಏನೂ ಬರಲಿಲ್ಲ.
ಆದರೂ ನಿಂತೇ ಇದ್ದೆ, ಗಾಡಿ ತಪ್ಪಿದವಳ ಹಾಗೆ.
ರೇಡಿಯೇಟರಿನೊಳಗೆ ನೀರು ಗೊಳಗುಟ್ಟುವುದು ಕೇಳಿಸಿತು.
ಬೆಸ್ನಿಕ್ ಎದ್ದ:
"ಬ... ಬ್ಬ... ಬ..."

ಇಡೀ ವರ್ಷ ಇವನು ಉತ್ತರ ಹೇಳುತ್ತಲೇ ಬಂದಿದ್ದ.
ಗಾಜು ನಡುಗುವುದು ಶುರುವಾದಾಗಲೇ ಕೈ ಎತ್ತುತ್ತಿದ್ದ,
ಸದ್ದಿನೊಳಗೆ ತುಟಿ ಆಡಿಸಿ ಕೂತುಬಿಡುತ್ತಿದ್ದ.
ನಾನು ಭೇಷ್ ಎನ್ನುತ್ತಿದ್ದೆ,
ಸದ್ದು ಇಳಿಯುವ ಮೊದಲೇ.
ಈಗ ಎಲ್ಲರೂ ತಿರುಗಿ ನೋಡಿದರು.
ಯಾರೋ ಕಿಸಕ್ಕೆಂದರು.

ಹನ್ನೊಂದಕ್ಕೆ ಇಫ್ರಾಹ್ ಬಂದಳು, ತಲೆ ಬಾಚದೆ.
"ಅಮ್ಮ ಏಳಲೇ ಇಲ್ಲ, ಮಿಸ್, ನಿನ್ನೆ ಸಂಜೆಯಿಂದ.
ಎರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ."
ಆ ವಾರ ಸಗಲ್‌ಗೆ ಪಾಳಿಯಿಲ್ಲ, ಸಂಬಳವೂ ಇಲ್ಲ.

ಬೂದಿ ಕರಗಿತು.
ಮತ್ತೆ ಗಾಜು ಸಣ್ಣಗೆ ನಡುಗಿತು, ಬೆಸ್ನಿಕ್ ಕೈ ಎತ್ತಿದ.
ನಾನು ಭೇಷ್ ಎನ್ನಲಿಲ್ಲ.
ಹೆಂಚಿನ ಮೇಲೆ ಅದು ಬಂತು, ಹೋಯಿತು.
ಅವನು ಕೂರಲಿಲ್ಲ.
ಬೆಂಚಿನ ಅಂಚು ಹಿಡಿದ ಬೆರಳು ಬೆಳ್ಳಗಾಗಿತ್ತು.
ಇನ್ನೊಂದು ಬರಲು ತೊಂಬತ್ತು ಸೆಕೆಂಡು.
ಇಪ್ಪತ್ತೇಳು ಮಕ್ಕಳು, ನಾನು,
ಕಾಯುತ್ತಿದ್ದೇವೆ.

ಬ,
ಬ,